ಕೇಳಿದ್ದು ಕೇಳಿದ ಹಾಗೆ

ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಸ್ಟೆನೋ ಆಗಿ ನಿವೃತ್ತರಾದ ಹೆಂಗಸಿನ ಹೋಂವರ್ಕಿಗೆ ಮೇಷ್ಟ್ರು ಹತ್ತಕ್ಕೆ ಸೊನ್ನೆ ಕೊಟ್ಟರು.

"ತಪ್ಪೆಲ್ಲಿದೆ, ತೋರಿಸಿ," ಎಂದರು ಆಕೆ.

"ಒಂದೂ ತಪ್ಪಿಲ್ಲ ಅಮ್ಮಾ. ಅದಕ್ಕೇ ಸೊನ್ನೆ."

ಮನುಷ್ಯರ ಭಾಷೆಯನ್ನು ಅಧ್ಯಯನ ಮಾಡುವುದು ಹೇಗೆಂದು ಅ ಆ ಇ ಈಯಿಂದ ಕಲಿಸುವ ತರಗತಿ ಅದು. ಪ್ರತಿ ಭಾನುವಾರ ಬೆಳಗ್ಗೆ, ಲೈಬ್ರರಿಯ ಮಹಡಿಯಲ್ಲಿ. ಒಂಬತ್ತು ಜನ ಹೊಸಬರು, ಅರ್ಧಕ್ಕರ್ಧ ಮೇಷ್ಟ್ರಿಗಿಂತ ದೊಡ್ಡವರು. ಹೋಂವರ್ಕ್ ಏನೂ ಬ್ರಹ್ಮವಿದ್ಯೆಯಲ್ಲ. ಮನೆಯವರ ಮಾತನ್ನು ಐದು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿ, ಕೇಳಿದ್ದನ್ನು ಕೇಳಿದ ಹಾಗೆ ಬರೆದು ತರಬೇಕು. ಅವರಲ್ಲೊಬ್ಬ ಟೈಲರ್ ತನ್ನ ಹೆಂಡತಿಯ ಬೈಗುಳವನ್ನು ಒಂದಕ್ಷರ ಬಿಡದೆ ಬರೆದು ಒಂಬತ್ತು ಅಂಕ ಹೊಡೆದಿದ್ದ. ಸ್ಟೆನೋ ತಂದದ್ದು ತಾನೂ ಗಂಡನೂ ಊಟದ ಹೊತ್ತಿನಲ್ಲಿ ಆಡಿದ ಮಾತು.

ಮೇಷ್ಟ್ರು ಗಟ್ಟಿಯಾಗಿ ಓದಿದರು: "'ವೈದ್ಯರು ಏನು ಹೇಳಿದರೆಂದು ಕೇಳಲಾಗಿ, ಏನೂ ತೊಂದರೆ ಇಲ್ಲವೆಂದು ಪತಿಯು ತಿಳಿಸಿದರು.' ನಿಮ್ಮ ಯಜಮಾನ್ರು ಮನೇಲಿ ಹಿಂಗಾ ಮಾತಾಡೋದು?"

"ಪಾಪ, ಕಟಕಟೆಯಲ್ಲಿ ನಿಲ್ಲಿಸಿ ಊಟ ಹಾಕ್ತಾರೇನೋ," ಎಂದ ಟೈಲರ್. ಎಲ್ಲರೂ ನಕ್ಕರು. ಸ್ಟೆನೋ ನಗಲಿಲ್ಲ.

"ಸಾಕ್ಷಿಗಳು ತಡವರಿಸ್ತಾರೆ, ಕೆಮ್ಮುತಾರೆ, ಅಂ ಅಂ ಅಂತ ಸೂರು ನೋಡ್ತಾರೆ. ಅದನ್ನೆಲ್ಲ ಬರೀತಾ ಕೂತಿದ್ರೆ ಕೇಸು ಮೊಮ್ಮಕ್ಕಳ ಕಾಲಕ್ಕೆ ಮುಗೀತಿತ್ತು. ನಾನು ಬರೆದ ಒಂದು ಹಾಳೇನೂ ಯಾವ ಜಡ್ಜೂ ವಾಪಸ್ ಕಳಿಸಿದ್ದಿಲ್ಲ."

"ಜಡ್ಜಿಗೆ ಬೇಡವಾದ ಕಸಾನೇ ನಮಗೆ ಬೇಕಾಗಿರೋದು. ಎಲ್ಲಿ, ಆ ರೆಕಾರ್ಡಿಂಗ್ ಹಾಕಿ."

ಆಕೆ ಫೋನನ್ನು ಮೇಜಿನ ಮೇಲಿಟ್ಟು ಹಾಕಿದರು. ತಟ್ಟೆ ಸದ್ದು. "ರೀ, ಡಾಕ್ಟ್ರು ಏನಂದ್ರು?" ಎಂಬ ಆಕೆಯದೇ ದನಿ. ಆಮೇಲೆ ಏನೂ ಇಲ್ಲ. ಮೇಷ್ಟ್ರು ಗೋಡೆಯ ಗಡಿಯಾರದತ್ತ ಬೆರಳು ತೋರಿಸಿದರು. ಒಂಬತ್ತು ಜನವೂ ಎಣಿಸಿದರು. ನಾಲ್ಕು ಸೆಕೆಂಡು. "ಅಂ… ಏನಂದ್ರು ಅಂದ್ರೆ… ಏನಿಲ್ಲ ಬಿಡು. ನೀರು ಕೊಡು."

ಮೇಷ್ಟ್ರಿಗೆ ಖುಷಿಯೋ ಖುಷಿ. ಬೋರ್ಡಿನ ಮೇಲೆ ದೊಡ್ಡದಾಗಿ 4 ಎಂದು ಬರೆದರು. "ನೋಡಿ, ಮಾತಿಗೆ ಮಾತು ಸಾಮಾನ್ಯವಾಗಿ ಕಣ್ಣು ಮಿಟುಕಿಸೋದ್ರೊಳಗೆ ಬರುತ್ತೆ. ಉತ್ತರ ಎದುರಿನವರಿಗೆ ಹಿಡಿಸಲ್ಲ ಅನ್ನಿಸಿದ್ರೆ ಬಾಯಿ ತಡೆಯುತ್ತೆ. ಟೈಮ್ ತಗೊಳ್ಳೋಕೆ ಪ್ರಶ್ನೆನೇ ತಿರುಗಿ ಹೇಳ್ತಾರೆ. ಕೊನೆಗೆ ವಿಷಯ ಬದಲಾಯಿಸ್ತಾರೆ. ಮೂರೂ ಇಲ್ಲಿ ಒಟ್ಟಿಗೇ ಸಿಕ್ಕಿವೆ! ಹುಡುಕಿದ್ರೂ ಇಂಥ ಉದಾಹರಣೆ ಸಿಗಲ್ಲ."

ಉದಾಹರಣೆ ಯಾರದೋ ಗಂಡ ಎಂಬುದು ಅವರಿಗೆ ಹೊಳೆದದ್ದು ಈ ಕಡೆ ತಿರುಗಿದ ಮೇಲೆ.

"ಬಾಯಲ್ಲಿ ತುತ್ತು ಇತ್ತೇನೋ ಅಮ್ಮಾ," ಎಂದರು ಮೆತ್ತಗೆ. "ಕೆಲವರು ಮಾತಾಡೋದೇ ನಿಧಾನ."

"ಇವರಾ? ಮದುವೆಯಾದಾಗಿನಿಂದ ನನ್ನ ಒಂದು ಮಾತೂ ಪೂರ್ತಿಯಾಗೋಕೆ ಬಿಟ್ಟೋರಲ್ಲ." ಸ್ಟೆನೋ ಅದನ್ನು ಇನ್ನೊಮ್ಮೆ ಹಾಕಿ ಕೇಳಿದರು. ಆ ಊಟಕ್ಕೆ ಎದುರಿಗೆ ಕೂತಿದ್ದವರು ಆಕೆಯೇ. ಆಮೇಲೆ ಮೂರು ಸಲ ಕೇಳಿ ಕೇಳಿ ಬರೆದವರೂ ಆಕೆಯೇ. ನಾಲ್ಕೂ ಸಲ ಆ ಮೌನ ಅಲ್ಲೇ ಇತ್ತು. ಅಭ್ಯಾಸಬಲದಿಂದ ಆಕೆ ಅದನ್ನು ಬಿಟ್ಟು ಮುಂದೆ ಹೋಗಿದ್ದರು. ಇಷ್ಟು ಹೆದರಿಕೆ ಆಕೆಗೆ ಯಾವತ್ತೂ ಆಗಿರಲಿಲ್ಲ.

"ಹೊರಗೆ ಹೋಗಿ ಮಾತಾಡಿ ಅಕ್ಕಾ," ಎಂದ ಟೈಲರ್. ಅವನ ಕೀಟಲೆಯೆಲ್ಲ ಇಳಿದುಹೋಗಿತ್ತು.

ಆಕೆಗೆ ಅಷ್ಟು ತಾಳ್ಮೆ ಇರಲಿಲ್ಲ. ಕೂತಲ್ಲಿಂದಲೇ ಫೋನ್ ಮಾಡಿದರು. ಆ ಕಡೆಯ ದನಿ ಮುಂದಿನ ಬೆಂಚಿಗೂ ಕೇಳುತ್ತಿತ್ತು.

"ಏನೇ, ಕ್ಲಾಸ್ ಮುಗೀತಾ?"

"ರೀ, ಮೊನ್ನೆ ಡಾಕ್ಟ್ರು ಏನಂದ್ರು? ನಿಜ ಹೇಳಿ."

ಉತ್ತರ ತಟ್ಟನೆ ಬಂತು.

"ನಿನಗ್ಯಾರು ಹೇಳಿದ್ರು?"