ಮೂವತ್ತನೆಯ ದಿನದ ಟಿಪ್ಪಣಿ

"ನನ್ನ ಹೆಸರು ತೆಗೆದುಬಿಡಿ ಸರ್."

ಹೊರಗೆ ಲ್ಯಾಬಿನ ಗಾಜಿನ ಸಾಮಾನು ತೊಳೆಯುತ್ತಿದ್ದ ಕೆಲಸದ ಅಕ್ಕನ ಕಿವಿಗೆ ಬೀಳಬಾರದೆಂದು ಬಾಗಿಲು ಹಾಕಿಕೊಂಡೇ ಕಿರಿಯ ವಿಜ್ಞಾನಿ ಬಾಯಿಬಿಟ್ಟಿದ್ದ.

ಪ್ರೊಫೆಸರ್ ಎದುರಿಗೆ ವಿಜ್ಞಾನ ಪತ್ರಿಕೆಯವರು ಕಳಿಸಿದ ಫಾರಂ ಇತ್ತು. ಹಳೆಯ ಬೀಜಗಳ ಮೊಳಕೆ ಕುರಿತ ಪ್ರಬಂಧಕ್ಕೆ ಲೇಖಕರು ಮೂವರು: ಪ್ರೊಫೆಸರ್, ಲ್ಯಾಬಿನ ಹಿರಿಯ ವಿಜ್ಞಾನಿ ಮೇಡಂ, ಇವನು. ಯಾರು ಏನು ಮಾಡಿದಿರೆಂದು ಒಂದೊಂದು ಸಾಲು ಬರೆಯಬೇಕಂತೆ. ವಾರವಾದರೂ ಮೂರು ಸಾಲೂ ಖಾಲಿ.

"ನಿನ್ನ ಪ್ರಮೋಷನ್‌ಗೆ ಇರೋದು ಇದೊಂದೇ ಅಲ್ವೇನಪ್ಪ?"

"ನಾನು ಒಂದು ಮೊಳಕೇನೂ ಎಣಿಸಿಲ್ಲ ಸರ್. ಎಲ್ಲಾ ಮೇಡಂದೇ ಕೆಲಸ."

ಹೇಳುವಾಗ ಕಿವಿ ಕಾದವು. ಬೆಳಗ್ಗೆ ಎಂಟಕ್ಕೆ ಗಾಜಿನ ತಟ್ಟೆಗಳಲ್ಲಿ ಮೊಳೆತ ಬೀಜ ಎಣಿಸಿ ಪುಸ್ತಕದಲ್ಲಿ ಬರೆಯುವುದು ಇವನಿಗೂ ಮೇಡಂಗೂ ಒಪ್ಪಿಸಿದ್ದ ಕೆಲಸ. ಇವನು ಸಾಹೇಬನಂತೆ ಬರುತ್ತಿದ್ದದ್ದು ಹತ್ತಕ್ಕೆ. ಅಷ್ಟರಲ್ಲಿ ಅಂದಿನ ಕಾಲಂ ತುಂಬಿರುತ್ತಿತ್ತು. ಮೇಡಂ ಪುಣ್ಯಾತ್ಗಿತ್ತಿ ಎಂದುಕೊಂಡು ಸುಮ್ಮನಾದ. ವರ್ಷವಿಡೀ ಸುಮ್ಮನಾದ. ಈಗ ಅವನ ಅತ್ತೆ ತಮ್ಮ ಅಳಿಯನ ಹೆಸರು ಅಚ್ಚಾಗುತ್ತದೆಂದು ಬೀದಿಗೆಲ್ಲ ಡಂಗುರ ಸಾರಿದ್ದರು. ಅವರೆದುರು ಊಟಕ್ಕೆ ಕೂರಲಾರದೆ ಇವನು ತಡವಾಗಿ ಮನೆಗೆ ಹೋಗುತ್ತಿದ್ದ.

ಪ್ರೊಫೆಸರ್ ಆಗಲೇ ಮೇಡಂ ಅವರನ್ನು ಕರೆಸಿದರು. ಆಕೆ ಬಾಗಿಲು ಅರ್ಧ ತೆರೆದೇ ಬಿಟ್ಟು ಬಂದು ಕೂತರು.

"ಎಣಿಸಿದ್ದೆಲ್ಲಾ ನೀವೇ ಅಂತೆ."

ಮೇಡಂ ಮುಖ ಬಿಳಿಚಿಕೊಂಡಿತು. "ನಾನಾ? ಇವರು ಎಣಿಸ್ತಿದ್ದಾರೆ ಅಂತ ನಾನು ಆ ಕಡೆ ತಲೇನೂ ಹಾಕಿಲ್ಲ ಸರ್."

"ಹಾಗಾದ್ರೆ ಇದನ್ನ ಬರೆದದ್ದು ಯಾರು?"

ಪ್ರೊಫೆಸರ್ ಬೆರಳು ಪುಸ್ತಕದಲ್ಲಿ ಮೊದಲ ಸುತ್ತಿನ ಮೂವತ್ತನೆಯ ದಿನದ ಮೇಲಿತ್ತು. ನಿಯಮದ ಪ್ರಕಾರ ಅಂದು ಮೊಳೆಯದ ಬೀಜಗಳನ್ನು ಎಸೆದು ತಟ್ಟೆ ತೊಳೆಯಬೇಕಿತ್ತು. ಕಾಲಂನಲ್ಲಿ ಒಂದು ಟಿಪ್ಪಣಿ: 'ಬೀಜ ಸ್ವಲ್ಪ ಉಬ್ಬಿವೆ, ಇನ್ನೂ ಇರಲಿ.' ಸತ್ತವೆಂದುಕೊಂಡಿದ್ದ ಬೀಜಗಳು ಏಳು ದಿನದ ಮೇಲೆ ಮೊಳೆತಿದ್ದವು. ಇಡೀ ಪ್ರಬಂಧ ನಿಂತದ್ದೇ ಅದರ ಮೇಲೆ.

"ಕಾಯೋಣ ಅಂತ ಹೊಳೆದದ್ದು ನನಗೇ ಅಂತ ಪ್ರಬಂಧದಲ್ಲಿ ಬರ್ಕೊಂಡಿದ್ದೀನಿ," ಎಂದರು ಪ್ರೊಫೆಸರ್ ಸಣ್ಣ ದನಿಯಲ್ಲಿ.

ಮೂವರಿಗೂ ಒಬ್ಬರ ಮುಖ ಒಬ್ಬರು ನೋಡಲು ನಾಚಿಕೆ. ಕಿರಿಯ ವಿಜ್ಞಾನಿ ಫಾರಂ ಎಳೆದುಕೊಂಡು ತನ್ನ ಹೆಸರು ಹೊಡೆದುಹಾಕಿದ.

ಹೊರಗೆ ನಲ್ಲಿ ನಿಂತಿತು. ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, ತೆರೆದ ಪುಸ್ತಕ ನೋಡಿ ತಲೆ ತಗ್ಗಿಸಿದಳು.

"ತಪ್ಪಾಯ್ತು ಸರ್. ಕಾಲಂ ಖಾಲಿ ಇದ್ರೆ ಇವರಿಬ್ಬರಿಗೂ ಬೈತೀರಲ್ಲ ಅಂತ ನಾನೇ ಎಣಿಸಿ ಬರೀತಿದ್ದೆ. ಇನ್ನು ಮುಟ್ಟಲ್ಲ."