ನೆಟ್ಟಗೆ ತೂಗುವ ಲಿಂಬೆಹಣ್ಣು

ಆಕಾಶಕ್ಕೆ ಬೂದಿ ಕವಿದು, ದಿಗಂತ ಕಾಣದೆ ಒಂಬತ್ತು ವರ್ಷವಾಗಿತ್ತು. ವಿಮಾನ ಎಷ್ಟು ವಾಲಿದೆ ಎಂಬುದನ್ನು ರೆಕ್ಕೆಯ ತುದಿಯ ಆಂಟೆನಾಗಳು ಉಪಗ್ರಹಗಳಿಂದಲೇ ತಿಳಿದು ಹೇಳಬೇಕಿತ್ತು. ಉಪಗ್ರಹಗಳೂ ಒಂದೊಂದಾಗಿ ಕೆಡುತ್ತಿದ್ದುದರಿಂದ ರೇಡಿಯೊದವರು ಹವಾಮಾನದ ಜೊತೆಗೆ ಆ ಲೆಕ್ಕ ಅಂದು ಎಷ್ಟು ಡಿಗ್ರಿ ತಪ್ಪಬಹುದು ಎಂಬುದನ್ನೂ ಓದುತ್ತಿದ್ದರು. ಇಂದು ಹನ್ನೆರಡು ಡಿಗ್ರಿ.

ಬೀದರಿನ ದಾರಿಯಲ್ಲಿ, ವಿಮಾನ ಎಡಕ್ಕೆ ಹನ್ನೊಂದು ಡಿಗ್ರಿ ವಾಲಿದೆ ಎಂದು ಸ್ಕ್ರೀನ್ ತೋರಿಸಿತು. ಪೈಲಟ್ ಇಂದುಮತಿಯ ಮೈಗೆ ಏನೂ ಗೊತ್ತಾಗಲಿಲ್ಲ.

“ಸ್ಕ್ರೀನ್ ಸುಳ್ಳು ಹೇಳ್ಲಿಕತ್ತದ ಮೇಡಂ. ಲಿಂಬಿಹಣ್ಣ ನೆಟ್ಟಗ ಅದ ನೋಡ್ರಿ,” ಎಂದ ಸಹಪೈಲಟ್ ಮಸ್ತಾನ್. ಬೆಳಿಗ್ಗೆ ಪೂಜೆ ಮಾಡಿ ಮೆಕ್ಯಾನಿಕ್ ಕಟ್ಟಿದ್ದ ಹಣ್ಣು ಗಾಜಿನ ಮುಂದೆ ಅಲುಗದೆ ತೂಗುತ್ತಿತ್ತು.

“ವಿಮಾನ ವಾಲಿ ತಿರುಗುವಾಗೂ ಅದು ಹಂಗೇ ತೂಗತದ. ನಮ್ಮಣ್ಣನ ವಿಮಾನ ಬಿದ್ದಾಗ ಸಿಕ್ಕ ಟೇಪಿನಾಗ ಅವನ ಕಡೀ ಮಾತು ‘ಲಿಂಬಿಹಣ್ಣ ನೆಟ್ಟಗ ಅದ’ ಅಂತನ ಇತ್ತು,” ಎಂದಳು ಇಂದುಮತಿ.

ಅವಳು ಸ್ಕ್ರೀನನ್ನೇ ನಂಬಿ ವಿಮಾನವನ್ನು ಬಲಕ್ಕೆ ವಾಲಿಸಿದಳು. ಅಂಕಿ ನಿಧಾನವಾಗಿ ಸೊನ್ನೆಗೆ ಇಳಿಯಿತು. ಅದರ ಕೆಳಗೆ ‘ತಪ್ಪು: ಹನ್ನೆರಡು ಡಿಗ್ರಿ’ ಎಂಬ ಕೆಂಪಕ್ಷರ ಹಾಗೇ ಇತ್ತು.

“ಈಗ ಸರಿ ಆತೇನ್ರಿ?” ಎಂದು ಮಸ್ತಾನ್ ಮೆಲ್ಲಗೆ ಕೇಳಿದ.

ಇಂದುಮತಿ ಬೇಡವೆಂದುಕೊಂಡರೂ ಲಿಂಬೆಹಣ್ಣಿನ ಕಡೆ ನೋಡಿದಳು. ಅದು ಈಗಲೂ ನೆಟ್ಟಗೇ ತೂಗುತ್ತಿತ್ತು.