ಅಕ್ಕ ಬರೆದ ಚೀಟಿ

ಮಂಡಕ್ಕಿ ಒಗ್ಗರಣೆಯ ಬೆಳ್ಳುಳ್ಳಿ ವಾಸನೆ ಬಂದರೆ ಈಗಲೂ ನನ್ನ ಅಂಗೈ ಬೆವರುತ್ತದೆ.

ನಾನಾಗ ದಾವಣಗೆರೆಯಲ್ಲಿ ಐದನೇ ತರಗತಿ. ಮನೆಯಿಂದ ಏನಾದರೂ ಬರಹ ತಂದು, ಬರೆದವರು ಅದನ್ನು ಯಾಕೆ ಬರೆದರೆಂದು ಹೇಳಬೇಕಿತ್ತು. ಟೀಚರ್ ಬೋರ್ಡಿನ ಮೇಲೆ ಬರೆದಿದ್ದರು: ತಿಳಿಸಲು, ನಗಿಸಲು, ನಂಬಿಸಲು.

ನಾನು ಅಕ್ಕನ ಚೀಟಿ ಒಯ್ದಿದ್ದೆ. ಮದುವೆಯಾಗಿ ಹರಿಹರಕ್ಕೆ ಹೋಗಿದ್ದ ಅಕ್ಕ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಮಂಡಕ್ಕಿ ಕಳಿಸುವಾಗೆಲ್ಲ ಡಬ್ಬಿಯೊಳಗೆ ನನಗೊಂದು ಚೀಟಿ ಇಡುತ್ತಿದ್ದಳು. ಎಣ್ಣೆ ಹೀರಿದ್ದ ಆ ಕಾಗದವನ್ನು ಜೋರಾಗಿ ಓದಿದೆ.

'ನಾನು ಇಲ್ಲಿ ಆರಾಮವಾಗಿದ್ದೇನೆ. ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಫೋನ್ ಕೆಟ್ಟಿದೆ. ಯಾರೂ ಬರುವುದು ಬೇಡ.'

"ತಿಳಿಸಲು," ಎಂದೆ.

ಟೀಚರ್ ಚೀಟಿ ತೆಗೆದುಕೊಂಡರು. "ನಿಮ್ಮಕ್ಕ ಯಾವಾಗ್ಲೂ ಹಿಂಗೇ ಬರೀತಾಳೇನು?"

"ಇಲ್ರೀ ಟೀಚರ್. 'ಲೇ ಗುಬ್ಬಿ' ಅಂತ ಶುರು ಮಾಡ್ತಾಳೆ. ಅವ್ರತ್ತೆ ಗೊರಕೆ ಹೊಡಿಯೋದೂ ಬರೀತಾಳೆ."

ಎಲ್ಲರೂ ನಕ್ಕರು. ಟೀಚರ್ ನಗಲಿಲ್ಲ. ಸೀಮೆಸುಣ್ಣ ಮೆತ್ತಿದ ಅವರ ಬೆರಳು ಕೊನೆಯ ಸಾಲಿನ ಮೇಲೆಯೇ ನಿಂತಿತ್ತು.

"ಬರಿಯೋವಾಗ ಪಕ್ಕದಾಗೆ ಯಾರಿದ್ರೋ ಏನೋ," ಎಂದರು ಮೆಲ್ಲಗೆ. "ಇವತ್ತೇ ನಿಮ್ಮಪ್ಪಗೆ ತೋರ್ಸು."

ನಾನು ಚೀಟಿ ವಾಪಸ್ ಪಡೆದು ಪುಸ್ತಕದೊಳಗಿಟ್ಟೆ. ಬೆಲ್ ಆಗುವವರೆಗೂ ಯಾರ ಮುಖವನ್ನೂ ನೋಡದೆ ಕೂತು, ಆಮೇಲೆ ಮನೆಯವರೆಗೂ ಓಡಿದೆ.

ಅಪ್ಪ ಅದೇ ಡಬ್ಬಿ ಮುಂದಿಟ್ಟುಕೊಂಡು ಮಂಡಕ್ಕಿ ತಿನ್ನುತ್ತಿದ್ದರು. ನಾನು ಚಾಚಿದ ಚೀಟಿಯತ್ತ ಒಮ್ಮೆ ನೋಡಿದರು. "ನಾನೂ ಓದೀನಿ. ಆರಾಮದೀನಿ ಅಂತ ಬರ್ದಾಳಲ್ಲ, ಇನ್ನೇನೈತೆ?"

"ಅಪ್ಪಾ, ಅದ್ರಾಗೆ 'ಲೇ ಗುಬ್ಬಿ' ಇಲ್ಲ."

ಅಪ್ಪನ ಕೈ ಬಾಯಿಯ ಹತ್ತಿರವೇ ನಿಂತಿತು. ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಹರಿಹರದ ಬಸ್ಸಿಗೆ ಓಡಿದರು.